ಓಬೋ ಉಸಿರಾಡುವ ಜಾಗ

ಲಿಯೋನಾ ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ಇಡೀ ಚರ್ಚು ಒಂದೇ ಸ್ವರದಲ್ಲಿ ಮುಳುಗಿತ್ತು.

ಎಲ್ಲರೂ ಶ್ರುತಿ ಕೂಡಿಸುತ್ತಿದ್ದರು. ಆ ಸ್ವರ ಕೊಡುತ್ತಿದ್ದವನು ಓಬೋ ಹಿಡಿದ ಒಬ್ಬ ತೆಳ್ಳಗಿನ ಹುಡುಗ. ಅವಳು ಬೂಟಿನ ಹಿಮವನ್ನೂ ಕೊಡವದೆ, ಅವಸರವಾಗಿ ವಯೊಲಿನ್ ತೆಗೆದು ಕಮಾನು ಎಳೆದಳು.

ಅವನು ಸರಿಯಿಲ್ಲ ಎಂಬಂತೆ ತಲೆಯಾಡಿಸಿದ. ಮತ್ತೆ ಊದಿದ.

ಅವಳು ತಂತಿ ಸರಿಮಾಡಿಕೊಂಡಳು. ಅವನು ಮತ್ತೆ ತಲೆಯಾಡಿಸಿದ! ಮತ್ತೆ ಊದಿದ! ಸುತ್ತ ಕೂತಿದ್ದವರೆಲ್ಲ ಮುಸಿಮುಸಿ ನಗತೊಡಗಿದರು. ಅವಳ ಕಿವಿಯವರೆಗೂ ಬಿಸಿ ಏರಿತು.

“ಎಂತ ಕೊಬ್ಬು ಮಾರಾಯ ಇವನಿಗೆ!” ಎಂದು ಗೊಣಗಿದಳು. ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಈ ಚರ್ಚಿನಲ್ಲಿ ಯಾರಿಗೆ ಅರ್ಥವಾಗುತ್ತದೆ?

ಹುಡುಗ ಓಬೋ ಕೆಳಗಿಳಿಸಿದ.

“ಕೊಬ್ಬಲ್ಲ ಕಣ್ರೀ. ಶ್ರುತಿ. ನಿಮ್ದು ಒಂಚೂರು ಮೇಲಿದೆ.”

ಅಯ್ಯೋ ದೇವರೇ... ಕನ್ನಡ!

“ಜೋಯಲ್, ಮೈಸೂರು,” ಅವನು ನಕ್ಕ. “ನೀವು ಮಂಗಳೂರು ತಾನೇ? ಒಂದು ‘ಎಂತ’ ಸಾಕು, ಗುರುತಿಗೆ ಪರ್ಸನ್‌ನಂಬರ್ ಕೇಳೋದೇ ಬೇಡ.”

ಅವಳಿಗೆ ತಕ್ಕ ಉತ್ತರ ಹೊಳೆದಿದ್ದು ರಿಹರ್ಸಲ್ ಮುಗಿದು ಎಲ್ಲರೂ ಫಿಕಾಗೆ, ಅಂದರೆ ಅಲ್ಲಿನ ಕಾಫಿ ವಿರಾಮಕ್ಕೆ, ಕೂತಾಗ.

“ನಿಮ್ಮದು ಎಂತ ವಾದ್ಯ ಅದು? ನಾಗಸ್ವರದ ಮರಿಯಾ?”

“ಹ್ಞೂ. ಇನ್ನೂ ಬೆಳೀತಿದೆ,” ಎಂದ ಅವನು ನಗದೆ. “ನಮ್ಮ ತಾತ ಅರಮನೆ ಬ್ಯಾಂಡಿನಲ್ಲಿ ಇದನ್ನೇ ಊದ್ತಿದ್ರು. ಅವರೂ ಹೀಗೇ ಬೈಸ್ಕೋತಿದ್ರಂತೆ, ನಮ್ಮಜ್ಜಿ ಹತ್ರ.”

ಅದು 2003ರ ಚಳಿಗಾಲ. ಅವಳು ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿದ್ದಳು, ಅವನು ಕಾರು ಕಂಪನಿಯಲ್ಲಿ ಇಂಜಿನಿಯರ್. ವಾರಕ್ಕೊಮ್ಮೆ ಚರ್ಚಿನ ವಾದ್ಯವೃಂದ. ಅವಳ ಮನೆಮಾತು ಕೊಂಕಣಿ ಅವನಿಗೆ ಬಾರದು. ಹಾಗಾಗಿ ಇಬ್ಬರ ನಡುವೆ ಬೆಳೆದಿದ್ದೆಲ್ಲ ಕನ್ನಡದಲ್ಲೇ ಬೆಳೆಯಿತು. ‘ನೀವು’ ಯಾವಾಗ ‘ನೀನು’ ಆಯಿತೋ ಇಬ್ಬರಿಗೂ ನೆನಪಿಲ್ಲ.

ವಾದ್ಯವೃಂದದ ಹಿರಿಯಳು ಗುನಿಲ್ಲಾ, ಚರ್ಚಿನ ಆರ್ಗನ್ ನುಡಿಸುವವಳು. ಒಂದು ದಿನ ಅವಳೇ ಇಬ್ಬರಿಗೂ ಒಂದು ಕೆಲಸ ಹಚ್ಚಿದಳು.

ಸುಮಾರು ಮುನ್ನೂರು ವರ್ಷದ ಹಿಂದೆ ಯಾರೋ ಓಬೋಗೂ ವಯೊಲಿನ್‌ಗೂ ಸೇರಿಸಿ ವಾದ್ಯವೃಂದದ ಜೊತೆ ನುಡಿಸುವ ಒಂದು ಕನ್ಸರ್ಟೊ ಬರೆದಿದ್ದರಂತೆ. ಅದು ಕಳೆದುಹೋಗಿತ್ತು. ಉಳಿದಿದ್ದು ಅದನ್ನೇ ಎರಡು ಹಾರ್ಪ್ಸಿಕಾರ್ಡ್‌ಗಳಿಗೆ ತಿರುಗಿಸಿ ಬರೆದ ಪ್ರತಿ ಮಾತ್ರ. ಹಾರ್ಪ್ಸಿಕಾರ್ಡ್ ಅಂದರೆ ಪಿಯಾನೋದ ಅಜ್ಜಿ ಎನ್ನಿ. ಆ ಪ್ರತಿಯಿಂದ ಮೂಲವನ್ನು ಮತ್ತೆ ಕಟ್ಟಬೇಕು. ಯಾವ ಸಾಲು ಓಬೋದ್ದು, ಯಾವುದು ವಯೊಲಿನ್‌ದು, ಊಹಿಸಬೇಕು.

“ಕೀಲಿಮಣೆಗೆ ಉಸಿರಿಲ್ಲ,” ಎಂದಿದ್ದಳು ಗುನಿಲ್ಲಾ. “ಅದಕ್ಕೇ ಈ ಪ್ರತಿಯಲ್ಲಿ ಉಸಿರಾಡುವ ಜಾಗವೂ ಇಲ್ಲ. ಅದನ್ನ ನೀವೇ ಹುಡುಕಬೇಕು ಮಕ್ಕಳೇ.”

ಶನಿವಾರಗಳು ಅವನ ಅಡುಗೆಮನೆಯಲ್ಲಿ ಕಳೆದವು. ಅವನು ಚಾಕು ಹಿಡಿದು ಓಬೋದ ಪೀಪಿಗೆಂದು ಜೊಂಡು ಹೆರೆಯುವನು. ಅವಳು ಸಾಲು ಹಂಚುವಳು. ಇದು ನಿನಗೆ, ಇದು ನನಗೆ... ಆಸ್ತಿ ಪಾಲು ಮಾಡಿದ ಹಾಗೆ ಜಗಳ!

ನಡುವಿನ ನಿಧಾನದ ಭಾಗದಲ್ಲಿ ಒಂದು ಸಾಲಿತ್ತು. ಉದ್ದದ ಸಾಲು. ಏರುತ್ತಾ ಏರುತ್ತಾ, ಇನ್ನೇನು ಮುಗಿಯಿತು ಅನ್ನುವಾಗ ಮತ್ತೊಂದು ತಿರುವು ತೆಗೆದುಕೊಳ್ಳುವ ಸಾಲು. ಅದರ ಅರ್ಧದಲ್ಲಿ ಜೋಯಲ್ ಪೆನ್ಸಿಲ್ ಗುರುತು ಹಾಕಿದ.

“ಇಲ್ಲಿಂದ ನೀನು ತಗೋ.”

“ಯಾಕೆ? ಪೂರ್ತಿ ನಿನ್ನದೇ.”

“ಉಸಿರು ಬೇಕಲ್ಲ ತಾಯಿ.”

ಲಿಯೋನಾ ನಕ್ಕು ಗುರುತನ್ನು ರಬ್ಬರಿನಿಂದ ಅಳಿಸಿದಳು.

“ನಮ್ಮಜ್ಜಿ ಒಂದು ಕತೆ ಹೇಳುತ್ತಿದ್ದರು. ರಾಜಕುಮಾರಿಯ ಉಂಗುರ ಕೆರೆಗೆ ಬೀಳುತ್ತದೆ. ಒಂದೇ ಉಸಿರಲ್ಲಿ ಮುಳುಗಿ ತಂದವನಿಗೇ ಅವಳು. ಎಲ್ಲರೂ ಹಿಂದೆ ಸರಿಯುತ್ತಾರೆ. ಒಬ್ಬ ರಾಜಕುಮಾರ ಮಾತ್ರ ಹಾರುತ್ತಾನೆ.”

“ಆಮೇಲೆ?”

“ಆಮೇಲೆ... ಗೊತ್ತಿಲ್ಲ. ಪ್ರತಿ ಸಲ ಅಲ್ಲಿಗೆ ನನಗೆ ನಿದ್ದೆ ಬರುತ್ತಿತ್ತು! ತಂದಿರ್ತಾನೆ ಬಿಡು.”

ಜೋಯಲ್ ಅಳಿಸಿದ ಜಾಗವನ್ನು ನೋಡಿದ. ಅವಳ ಕಣ್ಣುಗಳನ್ನು ನೋಡಿದ. ಆಗಲ್ಲ ಎನ್ನಲು ಬಾಯಿ ಬರಲಿಲ್ಲ.

ಅವಳಿಗೋ, ಆ ಸಾಲು ಇಡೀ ಕೃತಿಯಲ್ಲೇ ಚೆಂದದ್ದು. ಅದನ್ನು ಅವನಿಗೆ ಕೊಟ್ಟೆ ಎಂಬ ಸಂಭ್ರಮ. ‘ಪ್ರೀತಿಸ್ತೇನೆ’ ಅಂತ ಬಾಯಿಬಿಟ್ಟು ಹೇಳಲಾಗದವಳು ಹಾಗೆ ಹೇಳಿದ್ದಳು. ಅವನಿಗೆ ಅದು ಕೇಳಿಸಿರಲೇ ಇಲ್ಲ...

ಏಪ್ರಿಲ್‌ನಲ್ಲಿ ಕಛೇರಿ. ಚರ್ಚು ತುಂಬಿತ್ತು. ನಿಧಾನದ ಭಾಗ ಬಂತು. ಓಬೋ ಏರಿತು, ಏರಿತು... ಜೋಯಲ್‌ನ ಮುಖ ಕೆಂಪಾಯಿತು. ಅವನು ಅವಳತ್ತ ನೋಡಿದ.

ಅವಳೂ ನೋಡುತ್ತಿದ್ದಳು. ಕಮಾನು ತಂತಿಯ ಮೇಲೇ ಇತ್ತು. ಈಗ ತಿರುವು, ಈಗ ಅವನು ದಾಟುತ್ತಾನೆ, ಈಗ!

ಓಬೋ ನಿಂತುಹೋಯಿತು.

ಕೆಳಗಿನ ತಂತಿವಾದ್ಯಗಳು ಟಣ್ ಟಣ್ ಎಂದು ತಾಳ ಹಾಕುತ್ತಲೇ ಇದ್ದವು. ಅವುಗಳ ಮೇಲೆ ಏನೂ ಇರಲಿಲ್ಲ. ದೊಡ್ಡ ಖಾಲಿ. ಅವಳು ಕಮಾನು ಎಳೆದಿದ್ದರೆ ಸಾಕಿತ್ತು... ಎಳೆಯಲಿಲ್ಲ.

ಸಂಜೆ ಟ್ರಾಮ್ ಸ್ಟಾಪಿನಲ್ಲಿ ಮಾತು ಸಿಡಿಯಿತು.

“ಬೇಕಂತಲೇ ನಿಲ್ಲಿಸಿದೆ ಅಲ್ಲವಾ? ನಿನ್ನ ಗುರುತೇ ಸರಿ ಅಂತ ಎಲ್ಲರ ಎದುರು ತೋರಿಸಲಿಕ್ಕೆ!”

“ಬೇಕಂತ?” ಅವನು ಅವಳತ್ತ ತಿರುಗಿದ. “ನಾನು ಮುಳುಗ್ತಿದ್ದೆ ಲಿಯೋನಾ. ನೀನು ನೋಡ್ತಾ ನಿಂತಿದ್ದೆ.”

“ಮುಳುಗುವುದು ಎಂತದು? ಒಂದು ಸಾಲು ಊದಲಿಕ್ಕೆ ಆಗದಿದ್ದರೆ ಹಾಗಂತ ಹೇಳಬೇಕಿತ್ತು!”

ಆ ಮಾತು ಎಲ್ಲಿ ತಾಗಬಾರದೋ ಅಲ್ಲೇ ತಾಗಿತು. ಅವನು ಹಳಿ ದಾಟಿ ಆಚೆ ಬದಿಗೆ ಹೋಗಿ ನಿಂತ. ಅವಳ ಟ್ರಾಮ್ ಮೊದಲು ಬಂತು. ಕರೆಯಬಹುದಿತ್ತು. ಅವನೂ ಕೂಗಬಹುದಿತ್ತು. ಪ್ರೀತಿಸುವವರಿಗೆ ಇರುವಷ್ಟು ಬಿಗುಮಾನ ಶತ್ರುಗಳಿಗೂ ಇರುವುದಿಲ್ಲ ನೋಡಿ!

ಬೇಸಿಗೆಯಲ್ಲಿ ಅವಳು ದೂರದ ಉತ್ತರದ ಉಮೆಯೊಗೆ ಹೊರಟುಹೋದಳು. ಹೊಸ ಸಂಶೋಧನೆ, ಹೊಸ ಊರು. ವಯೊಲಿನ್ ಪೆಟ್ಟಿಗೆ ಕಪಾಟಿನ ಮೇಲೇರಿತು.

ಒಂದು ಭಾನುವಾರ ಮಂಗಳೂರಿಗೆ ಫೋನ್ ಮಾಡಿದಾಗ, ಸುಮ್ಮನೆ ಕೇಳಿದಳು. “ಅಜ್ಜಿ, ಆ ಉಂಗುರದ ಕತೆ ಕಡೆಗೆ ಏನಾಗುತ್ತದೆ? ತಂದನಾ ಅವನು?”

ಅಜ್ಜಿ ಕೆಮ್ಮಿ ನಕ್ಕರು. “ಎಲ್ಲಿಂದ ತರುವುದು ಮಗಾ! ಮನುಷ್ಯನಿಗೆ ಒಂದೇ ಉಸಿರಲ್ಲಿ ಆಗುತ್ತದಾ? ಮೇಲೆ ಬರಲೇ ಇಲ್ಲ ಅವನು. ಅದನ್ನು ನೋಡಿ ರಾಜಕುಮಾರಿ ತಾನೇ ಹಾರಿದಳು. ಎಳೆದು ತಂದಳು. ಉಂಗುರ ಕೆರೆಯಲ್ಲೇ ಉಂಟು ಇನ್ನೂ.”

ಲಿಯೋನಾ ಫೋನ್ ಇಟ್ಟು, ಕಪಾಟಿನ ಮೇಲಿನ ವಯೊಲಿನ್ ಪೆಟ್ಟಿಗೆಯತ್ತ ನೋಡಿದಳು.

*ನಾನು ಹಾರಲಿಲ್ಲ. ದಡದಲ್ಲೇ ನಿಂತಿದ್ದೆ.*

ಜೋಯಲ್‌ನ ನಂಬರ್ ಒತ್ತಿ ನೋಡಿದಳು. ಅದು ಬದಲಾಗಿತ್ತು. ಗುನಿಲ್ಲಾಳನ್ನು ಕೇಳಬಹುದಿತ್ತು. ಯಾವ ಮುಖ ಇಟ್ಟುಕೊಂಡು ಕೇಳುವುದು? ಆ ಚಳಿಗಾಲದಲ್ಲಿ ಅಜ್ಜಿಯೂ ಹೋದರು.

ಕಡೆಗೆ 2008ರಲ್ಲಿ ಗುನಿಲ್ಲಾಳೇ ಫೋನ್ ಮಾಡಿದಳು.

“ನನಗೆ ಎಂಬತ್ತು ತುಂಬ್ತಿದೆ. ಅದೇ ಕನ್ಸರ್ಟೊ ಬೇಕು, ನೀವಿಬ್ಬರೇ ನುಡಿಸಬೇಕು. ಉಡುಗೊರೆ ಬೇಡ ಅಂತ ಎಲ್ಲರಿಗೂ ಹೇಳಿದ್ದೀನಿ, ನಿನಗೆ ಹೇಳಲ್ಲ.”

ಅದೇ ಚರ್ಚು. ಅದೇ ಬಾಗಿಲು. ಅವನು ಓಬೋಗೆ ಪೀಪಿ ಸಿಕ್ಕಿಸುತ್ತಿದ್ದ. ಕಿವಿಯ ಬಳಿ ಒಂದೆರಡು ಬಿಳಿಗೂದಲು. ಬೆರಳಲ್ಲಿ ಉಂಗುರವಿಲ್ಲ. ಅದನ್ನು ಗಮನಿಸಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

“ಹೇಗಿದ್ದೀರಿ ಲಿಯೋನಾ?”

‘ಇದ್ದೀರಿ’... ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಫಿಕಾ ಹೊತ್ತಿಗೆ ಎಲ್ಲರೂ ದಾಲ್ಚಿನ್ನಿ ಬನ್ನಿನ ತಟ್ಟೆಯತ್ತ ಹೋದರು. ಲಿಯೋನಾ ಹೋಗಲಿಲ್ಲ. ಬ್ಯಾಗಿನಿಂದ ಪೆನ್ಸಿಲ್ ತೆಗೆದು ಅವನ ಹಾಳೆಯ ಮೇಲೆ, ತಾನು ಅಳಿಸಿದ್ದ ಜಾಗದಲ್ಲೇ ಗುರುತು ಹಾಕಿದಳು.

“ಇಲ್ಲಿಂದ ನಾನು ತಗೊಳ್ತೇನೆ.”

ಜೋಯಲ್ ಆ ಗುರುತಿನ ಮೇಲೆ ಬೆರಳಿಟ್ಟ.

“ಆ ಸಾಲು ನಿನಗೆ ಕೊಟ್ಟದ್ದು... ಅದು ಎಲ್ಲಕ್ಕಿಂತ ಚೆಂದ ಇತ್ತು ಅಂತ ಜೋಯಲ್. ನನಗೆ ಬೇರೆ ರೀತಿ ಹೇಳಲಿಕ್ಕೆ ಬರುತ್ತಿರಲಿಲ್ಲ.”

“ಚೆಂದದ್ದನ್ನ ಹಂಚ್ಕೊಳೋಣ ಅಂತ ತಾನೇ ನಾನು ಗುರುತು ಹಾಕಿದ್ದು?” ಅವನು ಮೆಲ್ಲಗೆ ಅಂದ. “ಓಬೋದಲ್ಲಿ ಉಸಿರು ಖಾಲಿಯಾಗಲ್ಲ, ಗೊತ್ತಾ? ಸಣ್ಣ ತೂತು, ಹೊರಗೆ ಹೋಗೋದೇ ಕಮ್ಮಿ. ಹಳೇ ಉಸಿರು ಒಳಗೇ ಕಟ್ಕೊಳ್ಳತ್ತೆ. ಮೊದಲು ಅದನ್ನ ಬಿಡೋಕೆ ಜಾಗ ಬೇಕು. ಆಮೇಲೇ ಹೊಸದು.”

“ಯಾಕೆ ಹೇಳಲಿಲ್ಲ ಮಾರಾಯ?”

“ನೀನು ರಾಜಕುಮಾರ ಅಂತಿದ್ದೆ!” ಅವನು ನಗಲು ಹೋಗಿ ಸೋತ. “ನನ್ನ ಕೈಲಾಗಲ್ಲ ಅಂತ ಹೇಗೆ ಹೇಳ್ಲಿ?”

ಅವಳ ಕಣ್ಣು ತುಂಬಿತು. “ಅವನ ಕೈಲೂ ಆಗಲಿಲ್ಲವಂತೆ. ಅಜ್ಜಿ ಹೇಳಿದರು. ಅವಳೇ ಹಾರಿದಳಂತೆ... ನಾನು ನಿಂತುಬಿಟ್ಟೆ. ನೀನು ಬೇಕಂತ ನಿಲ್ಲಿಸಿದೆ ಅಂತ ನಂಬಿದೆ.”

“ನೀನು ಬೇಕಂತ ನಿಂತೆ ಅಂತ ನಾನೂ ನಂಬಿದೆ. ಉಮೆಯೊಗೆ ಟಿಕೆಟ್ ತಗೊಂಡಿದ್ದೆ ಒಂದ್ಸಲ. ಸ್ಟೇಷನ್‌ವರೆಗೂ ಹೋಗಿ ವಾಪಸ್ ಬಂದೆ.”

‘ನೀನು’! ಅವನು ಗಮನಿಸಿರಲಿಲ್ಲ. ಅವಳು ಗಮನಿಸಿದಳು.

ಭಾನುವಾರ ಮಧ್ಯಾಹ್ನ ಗುನಿಲ್ಲಾ ಮೊದಲ ಸಾಲಿನಲ್ಲಿ, ಮಡಿಲಲ್ಲಿ ಕೈ ಕಟ್ಟಿ ಕೂತಿದ್ದಳು. ನಿಧಾನದ ಭಾಗ. ಓಬೋ ಏರಿತು... ತಿರುವಿಗೆ ಇನ್ನೂ ಒಂದು ಹೆಜ್ಜೆ ಇರುವಾಗಲೇ ಲಿಯೋನಾಳ ಕಮಾನು ಮೆಲ್ಲನೆ ಅವನ ಸ್ವರದ ಕೆಳಗೆ ಕೈಯೊಡ್ಡಿತು. ಅವನು ಬಿಟ್ಟ. ಅವಳು ಹಿಡಿದಳು. ಸಾಲು ಮುರಿಯಲಿಲ್ಲ.

ಜೋಯಲ್ ಉಸಿರು ಬಿಟ್ಟ ಸದ್ದು ಅವಳೊಬ್ಬಳಿಗೇ ಕೇಳಿಸಿತು. ದೀರ್ಘ ಉಸಿರು. ಎಷ್ಟು ಕಾಲದ್ದೋ.

ಮೂಲದಲ್ಲೂ ಹೀಗೇ ಇತ್ತೇ? ಯಾರೂ ಹೇಳಲಾರರು. ಕಳೆದುಹೋದದ್ದು ಕಳೆದೇ ಹೋಗಿದೆ. ಇದು ಇಬ್ಬರು ಸೇರಿ ಕಟ್ಟಿಕೊಂಡದ್ದು, ಅಷ್ಟೇ.

ಸಂಜೆ ಟ್ರಾಮ್ ಸ್ಟಾಪಿನಲ್ಲಿ ಅವಳು ಒಂದು ಬದಿ, ಅವನು ಆಚೆ ಬದಿ. ಅಭ್ಯಾಸಬಲ! ಇಬ್ಬರಿಗೂ ಒಟ್ಟಿಗೇ ಅದು ಹೊಳೆಯಿತು. ಅವನು ಹಳಿ ದಾಟಿ ಬಂದ.

“ನಿನ್ನ ಟ್ರಾಮ್ ಬಂತು ನೋಡು.”

“ಹೋಗಲಿ. ಇನ್ನೊಂದು ಬರುತ್ತದೆ.”

ಟ್ರಾಮ್ ಹೋಯಿತು. ಅದರ ಬೆಳಕು ಹಿಮದ ಮೇಲೆ ಜಾರಿ ಆರಿತು.

“ಅಷ್ಟೊಂದು ವರ್ಷ ಹೋಯಿತಲ್ಲ ಜೋಯಲ್...”

“ಅವು ಬರಲ್ಲ,” ಎಂದ ಅವನು. ಸುಳ್ಳು ಸಮಾಧಾನ ಅವನಿಗೆ ಯಾವತ್ತೂ ಬರುತ್ತಿರಲಿಲ್ಲ. ಅವಳ ವಯೊಲಿನ್ ಪೆಟ್ಟಿಗೆಯನ್ನು ತಾನು ಎತ್ತಿಕೊಂಡು, ಬರಿದಾದ ಅವಳ ಕೈಯನ್ನು ತನ್ನ ಕೋಟಿನ ಜೇಬಿಗೆ ಸೇರಿಸಿಕೊಂಡ.

“ನನಗೆ ಆಗಲ್ಲ ಲಿಯೋನಾ. ನೀನಿಲ್ಲದೆ. ಈ ಸಲ ನಾಚಿಕೆ ಇಲ್ಲದೆ ಹೇಳ್ತಿದ್ದೀನಿ.”

“ಎಂತ... ಇಷ್ಟು ತಡವಾಗಿ ಹೇಳುವುದಾ?” ಅವಳು ಅಳುತ್ತಲೇ ನಕ್ಕಳು.

“ಶ್ರುತಿ ಸರಿ ಇದೆಯಾ?”

“ಒಂಚೂರು ಮೇಲಿದೆ,” ಎಂದಳು ಅವನ ಭುಜಕ್ಕೆ ಒರಗುತ್ತಾ. “ಇರಲಿ ಬಿಡು. ನಾನು ಹಿಡಿದುಕೊಳ್ತೇನೆ.”