ಪರ್ಮಿಷನ್ ಇಲ್ಲದವರ ಮಧ್ಯಾಹ್ನ

ಕೇಬಲ್ ಸಡಿಲವಾಗಿದೆ ಎಂದು ಅವಳು ನನ್ನನ್ನು ಕರೆಸಿದ್ದಳು. ಕೇಬಲ್ ಗಟ್ಟಿಯಾಗಿಯೇ ಇತ್ತು. ಮೇಜಿನ ಕೆಳಗಿನಿಂದ ಎದ್ದು ನೋಡಿದರೆ, ಸ್ಕ್ರೀನಿನ ಮೇಲೆ ಒಂದೇ ಸಾಲು ಹನ್ನೊಂದು ಸಲ ಬಿದ್ದಿತ್ತು: ಪರ್ಮಿಷನ್ ಡಿನೈಡ್.

ಆ ಸಂಶೋಧನಾ ಕೇಂದ್ರದಲ್ಲಿ ನಾನು ಕೇಬಲ್ ಎಳೆಯುವವನು. ಅವಳು ಕಪ್ಪೆಗಳ ಕೂಗನ್ನು ರೆಕಾರ್ಡ್ ಮಾಡಿ, ಯಾವ ಕೊಳದಲ್ಲಿ ಯಾವ ಕಪ್ಪೆ ಉಳಿದಿದೆ ಎಂದು ಗುರುತಿಸುವವಳು. ಎಲ್ಲರ ಬಾಯಲ್ಲೂ ಕಪ್ಪೆ ಮೇಡಂ. ಮೂರು ತಿಂಗಳಿಂದ ಅವಳ ಕೋಣೆಯ ಮುಂದೆ ಹಾದುಹೋಗುವಾಗಲೆಲ್ಲ ನನ್ನ ನಡಿಗೆ ತಾನಾಗಿಯೇ ನಿಧಾನವಾಗುತ್ತಿತ್ತು. ಅವಳಿಗೂ ಅದು ಗೊತ್ತಾಗಿತ್ತೆಂದು ಕಾಣುತ್ತದೆ. ಒಮ್ಮೆ, ಕೂದಲಿಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲನ್ನು ಎಳೆದುಕೊಳ್ಳುತ್ತ, ಓರೆಗಣ್ಣಲ್ಲಿ ನೋಡಿ, ಈ ಕಾರಿಡಾರಿನಲ್ಲಿ ಮಾತ್ರ ನಿಮ್ಮ ಕಾಲು ನೋಯುತ್ತದಾ ಎಂದು ಕೇಳಿದ್ದಳು.

ಇವತ್ತು ಕೀಟಲೆಗೆ ಪುರುಸೊತ್ತಿರಲಿಲ್ಲ. ಸಂಜೆ ಐದರೊಳಗೆ ಅವಳ ವರದಿ ಹೋಗಬೇಕು. ಹೋಗದಿದ್ದರೆ ಫೆಲೋಶಿಪ್ ನಿಲ್ಲುತ್ತದೆ, ಎರಡು ವರ್ಷದ ಕೆಲಸಕ್ಕೆ ಎಳ್ಳುನೀರು. ರೆಕಾರ್ಡಿಂಗುಗಳಿಂದ ಒಂದೊಂದೇ ಕೂಗನ್ನು ಬಿಡಿಸಿ ತೋರಿಸುವ ಪ್ರೋಗ್ರಾಂ ಸರ್ವರಿನಲ್ಲಿ ಇರಲಿಲ್ಲ. ಎಲ್ಲರಿಗೂ ಸೇರಿದ ಆ ಸರ್ವರಿಗೆ ಹೊಸದೇನಾದರೂ ಹಾಕಲು ರೂಟ್ ಪಾಸ್‌ವರ್ಡ್, ಅಂದರೆ ಎಲ್ಲ ಬೀಗಕ್ಕೂ ಹೊಂದುವ ಕೀಲಿ, ಬೇಕು. ಅದು ಅಡ್ಮಿನ್ ಒಬ್ಬನ ಹತ್ತಿರ ಮಾತ್ರ ಇತ್ತು. ನಾವು ಅವನನ್ನು ಬೀಗದಣ್ಣ ಎನ್ನುತ್ತಿದ್ದೆವು. ಹದಿನೈದು ದಿನದಿಂದ ಅವಳು ಕೇಳುತ್ತಿದ್ದಳಂತೆ; ಅವನು ನೋಡೋಣ, ನೋಡೋಣ ಎಂದು ಸಾಗಹಾಕಿ, ಇವತ್ತು ರಜೆ ಹಾಕಿ ಫೋನನ್ನೂ ಆಫ್ ಮಾಡಿದ್ದ. ನನ್ನ ಮೈ ಉರಿಯಿತು. ಒಂದು ಪಾಸ್‌ವರ್ಡ್ ಇಟ್ಟುಕೊಂಡ ಮಾತ್ರಕ್ಕೆ ಇಷ್ಟು ಜನರ ಹಣೆಬರಹ ಬರೆಯುವ ಗತ್ತು ಯಾಕೆ?

"ಅವನ ಪಾಸ್‌ವರ್ಡ್ ಬೇಡ," ಎಂದೆ. "ನಿಮ್ಮ ಹೋಮ್ ಫೋಲ್ಡರ್ ನಿಮ್ಮದೇ ತಾನೆ ಮೇಡಂ? ಅಲ್ಲೇ ಹಾಕೋಣ."

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಬರುತ್ತಾ ನಿಮಗೆ?"

"ನನಗೂ ಅವನು ಕೊಟ್ಟಿಲ್ಲ. ಅದಕ್ಕೇ ಕಲಿತೆ."

ಕುರ್ಚಿ ಬಿಟ್ಟುಕೊಟ್ಟಳು. ಗಂಟೆ ಮೂರೂಕಾಲು. ಪ್ರೋಗ್ರಾಮಿನ ಮೂಲ ಕೋಡನ್ನು ಇಳಿಸಿಕೊಂಡೆ. ಸರ್ವರಿನ ತಂಟೆಗೆ ಹೋಗಬೇಡ, ಇವಳ ಫೋಲ್ಡರಿನಲ್ಲೇ ಕೂರು ಎಂದು ಮೊದಲೇ ಅದಕ್ಕೆ ತಾಕೀತು ಮಾಡಿ, ಕೋಡಿನಿಂದ ಪ್ರೋಗ್ರಾಂ ಕಟ್ಟುವ ಕೆಲಸವನ್ನು ಕಂಪ್ಯೂಟರಿಗೆ ಬಿಟ್ಟೆ. ಸ್ಕ್ರೀನಿನ ಮೇಲೆ ಸಾಲುಗಳು ಒಂದು ಗಂಟೆ ಓಡಿದವು. ಅವಳು ನನ್ನ ಹೆಗಲ ಹಿಂದೆ ಬಗ್ಗಿ ಓದುತ್ತಿದ್ದಳು. ಉಸಿರು ಕಿವಿಗೆ ತಾಗಿದಾಗಲೆಲ್ಲ ನಾನು ಓದಿದ ಸಾಲನ್ನೇ ಮತ್ತೆ ಓದುತ್ತಿದ್ದೆ.

ನಾಲ್ಕೂ ಇಪ್ಪತ್ತಕ್ಕೆ ಮುಗಿಯಿತು. ಉಳಿದದ್ದು ಒಂದೇ ಕೆಲಸ. ಕಮಾಂಡುಗಳನ್ನು ಎಲ್ಲೆಲ್ಲಿ ಹುಡುಕಬೇಕೆಂದು ಹೇಳುವ ಪಟ್ಟಿಯೊಂದಿದೆ, ಪಾತ್ ಎನ್ನುತ್ತಾರೆ. ಅದಕ್ಕೆ ಅವಳ ಫೋಲ್ಡರನ್ನೂ ಸೇರಿಸಬೇಕು. ಲಾಗಿನ್ ಆದಾಗಲೆಲ್ಲ ಸರ್ವರ್ ಓದಿಕೊಳ್ಳುವ ಫೈಲಿನಲ್ಲಿ ಅವಸರದಲ್ಲಿ ಒಂದು ಸಾಲು ಗೀಚಿ, ಲಾಗೌಟ್ ಆಗಿ ಮತ್ತೆ ಲಾಗಿನ್ ಆದೆ.

ಫೈಲುಗಳನ್ನು ತೋರಿಸು ಎಂದೆ. ಕಮಾಂಡ್ ನಾಟ್ ಫೌಂಡ್. ಫೈಲು ತಿದ್ದುವ ಎಡಿಟರ್ ಪ್ರೋಗ್ರಾಮನ್ನು ಕರೆದೆ. ಕಮಾಂಡ್ ನಾಟ್ ಫೌಂಡ್. ರೆಕಾರ್ಡಿಂಗುಗಳನ್ನು ಒಂದೊಂದಾಗಿ ಪ್ರೋಗ್ರಾಮಿಗೆ ಒಪ್ಪಿಸಲು ಅವಳು ಬರೆದಿಟ್ಟಿದ್ದ ಸ್ಕ್ರಿಪ್ಟ್ ಮೊದಲ ಸಾಲಿನಲ್ಲೇ ಮುಗ್ಗರಿಸಿತು. ಮತ್ತೆ ಲಾಗಿನ್ ಆದರೂ ಅದೇ ಹಾಡು.

"ನನ್ನ ಫೈಲ್‌ಗಳು?" ಎಂದಳು. ಅವಳ ಮುಖ ಬಿಳಿಚಿತು. "ಕೇಬಲ್ ಎಳೆಯೋರ ಕೈಗೆ ಕೊಟ್ಟೆನಲ್ಲ, ನನಗೆ ಬುದ್ಧಿ ಇಲ್ಲ."

ಕೆನ್ನೆಗೆ ಬಿಗಿದಿದ್ದರೂ ಅಷ್ಟು ಚುರುಗುಟ್ಟುತ್ತಿರಲಿಲ್ಲ. ಬಾಗಿಲು ನಾಲ್ಕೇ ಹೆಜ್ಜೆ ದೂರವಿತ್ತು. ಎದ್ದು ಹೋದರೆ ಅವಳ ಎರಡು ವರ್ಷವೂ ನನ್ನ ಜೊತೆಗೇ ಆ ಬಾಗಿಲು ದಾಟುತ್ತಿತ್ತು. ಹಲ್ಲು ಕಚ್ಚಿ ಕೂತೆ. ನಾನು ಬರೆದ ಸಾಲನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಬರೆದೆ. ಆಗ ಹೊಳೆಯಿತು: ಹೊಸ ಜಾಗ ಬರೆದಿದ್ದೆ, ಹಳೆಯ ಪಟ್ಟಿಯನ್ನು ಅದರ ಪಕ್ಕ ಉಳಿಸಿರಲಿಲ್ಲ. ಕಮಾಂಡುಗಳೆಲ್ಲ ತಮ್ಮ ತಮ್ಮ ಜಾಗದಲ್ಲೇ ಇದ್ದವು. ಸರ್ವರಿಗೆ ದಾರಿ ಮರೆಸಿದವನು ನಾನು.

ಎಡಿಟರನ್ನು ಬರೀ ಹೆಸರಿನಿಂದ ಕರೆಯದೆ, ಅದು ಇರುವ ಪೂರ್ತಿ ವಿಳಾಸ ಟೈಪ್ ಮಾಡಿದೆ. ತೆರೆದುಕೊಂಡಿತು. ಸಾಲನ್ನು ತಿದ್ದಿ ಮತ್ತೆ ಲಾಗಿನ್ ಆದೆ. ಫೈಲುಗಳು ಒಂದೂ ಕದಲದೆ ಸಾಲಾಗಿ ಬಂದು ನಿಂತವು. ನಾಲ್ಕೂ ಮೂವತ್ತೊಂದು.

ಸ್ಕ್ರಿಪ್ಟ್ ಓಡಿತು. ಸರಿಯಾಗಿ ಬಿಡಿಸಿದೆಯೋ ಇಲ್ಲವೋ ಕೇಳಿ ನೋಡಬೇಕಿತ್ತು. ಅವಳು ಇಯರ್‌ಫೋನಿನ ಒಂದು ತುದಿಯನ್ನು ತನ್ನ ಕಿವಿಗಿಟ್ಟು, ಇನ್ನೊಂದನ್ನು ನನ್ನ ಕಡೆ ನೋಡದೆಯೇ ಚಾಚಿದಳು. ಒಂದೇ ಕಪ್ಪೆಯ ಕೂಗು, ಎರಡು ಬೆಣಚುಕಲ್ಲು ತಾಕಿಸಿದಂಥ ಸಣ್ಣ ಸದ್ದು. ಮುಚ್ಚಿದ ಅವಳ ರೆಪ್ಪೆಗಳು ಒಂದೊಂದು ಸದ್ದಿಗೂ ಅದುರುತ್ತಿದ್ದವು. ವೈರು ಗಿಡ್ಡ; ಇಬ್ಬರ ತಲೆಯೂ ಅಲ್ಲಾಡುವಂತಿರಲಿಲ್ಲ. "ಇದೇ," ಎಂದಳು, ಉಸಿರಿನಲ್ಲೇ.

ನಾಲ್ಕೂ ಐವತ್ತಾರಕ್ಕೆ ವರದಿ ಹೋಯಿತು. ನಾನು ಎದ್ದು ಟೂಲ್ ಬ್ಯಾಗ್ ಹೆಗಲಿಗೆ ಹಾಕಿಕೊಂಡೆ.

"ಕೋಪನಾ?" ಎಂದಳು.

"ನಿಮ್ಮ ಮೇಲೆ ಕೋಪ ಮಾಡ್ಕೊಳ್ಳೋಕೆ ಆಗ್ತಿಲ್ಲ. ಅದಕ್ಕೇ ಮೈಯೆಲ್ಲ ಉರೀತಿದೆ. ಬೇರೆ ಯಾರಾದ್ರೂ ಆ ಮಾತು ಅಂದಿದ್ರೆ ಎದ್ದು ಹೋಗ್ತಿದ್ದೆ. ನೀವು ಅಂದ್ರಿ, ಕೂತೆ. ಇನ್ನೂ ಬಿಡಿಸಿ ಹೇಳ್ಬೇಕಾ?"

ಅವಳು ತಲೆ ತಗ್ಗಿಸಿ ಕೀಬೋರ್ಡಿನ ಮೇಲೆ ಬೆರಳಾಡಿಸಿದಳು. "ಅನ್ನಬಾರದಿತ್ತು. ಅಂದಿದ್ದನ್ನ ವಾಪಸ್ ಹೇಗೆ ತಗೊಳ್ಳೋದು?"

"ಅದಕ್ಕೆ ಕಮಾಂಡ್ ಇಲ್ಲ."

"ಹಾಗಾದ್ರೆ ದಿನಾ ಬಂದು ಒಂಚೂರು ಬೈದು ಹೋಗಿ. ಕೋಪ ತೀರೋವರೆಗೂ."

"ಬೇಗ ತೀರಲ್ಲ ಅದು."

"ತೀರೋದು ಬೇಡ," ಎಂದು ತಲೆ ಎತ್ತಿದಳು. ಕಣ್ಣಲ್ಲಿ ಕೀಟಲೆ ಇರಲಿಲ್ಲ. ನಾನು ಏನನ್ನುತ್ತೇನೋ ಎಂಬ ಹೆದರಿಕೆಯಿತ್ತು. ಆ ಹೆದರಿಕೆಯನ್ನು ನೋಡಿಕೊಂಡು ನಿಲ್ಲಲು ನನ್ನಿಂದ ಆಗಲಿಲ್ಲ. ಬ್ಯಾಗು ನೆಲಕ್ಕಿಟ್ಟು, ಅವಳ ಪಕ್ಕದಲ್ಲಿ ಕೂತೆ.