ಬಾಗಿಲು ಗೀಚಿದ ಕಂಸ

ಟಕ್. ಟಕ್ ಟಕ್.

ಪ್ಲೈವುಡ್ ಗೋಡೆಯ ಆಚೆಯಿಂದ ಯಾರೋ ಬೆರಳ ಗೆಣ್ಣಿನಿಂದ ಬಡಿದರು. ಯಾರೋ ಏನು, ಆಚೆಮನೆಯ ಉಂಡೆಯೇ. ಮೊದಲು ಒಂದು, ಆಮೇಲೆ ಎರಡು ಬಡಿತ ಎಂದರೆ ‘ಇದ್ದೀಯಾ?’ ಎಂದು ಅರ್ಥ.

ಈಚೆ ಕಡ್ಡಿ ತಿರುಗಿ ಬಡಿಯಲಿಲ್ಲ. ದಾರ, ಟೇಪು ಹಿಡಿದು ನೆಲದ ಮೇಲೆ ಮಂಡಿಯೂರಿ ಸುಮ್ಮನೆ ಕೂತಳು.

“ಕಡ್ಡೀ, ಇದ್ದೀಯ ಅಂತ ಗೊತ್ತು ಕಣೇ. ನಿನ್ನ ಮೂಗು ಸುರ್ ಸುರ್ ಅನ್ನೋದು ಇಲ್ಲಿಗೇ ಕೇಳ್ತಿದೆ.”

“ಏನು ಬೇಕು?”

“ಮ್ಯಾಥ್ಸ್ ಹೋಮ್‌ವರ್ಕ್. ವೃತ್ತದ ತುಂಡು ಯಾವುದಾದ್ರೂ ಅಳೆದು ಕೋನ ಕಂಡುಹಿಡೀರಿ ಅಂದಿದ್ರಲ್ಲ ಮಿಸ್, ನೀನು ಯಾವ ಕಂಸ ತಗೊಂಡೆ?”

“ಬಾಗಿಲಿಂದು.”

“ಅಯ್ಯೋ, ನಾನೂ ಅದೇ!” ಆಚೆಯವಳು ಪಿಸುದನಿಯಲ್ಲೇ ನಕ್ಕಳು.

ಉಂಡೆ ದೊಡ್ಡಪ್ಪನ ಮಗಳು. ಕಡ್ಡಿಗಿಂತ ಮೂರೇ ತಿಂಗಳು ದೊಡ್ಡವಳು. ಆ ಮೂರು ತಿಂಗಳಿಗಾಗಿ “ಅಕ್ಕಾ ಅನ್ನು, ಮರ್ಯಾದೆ ಕೊಡು” ಎಂದು ದಿನಾ ಜಗಳ. ಕಡ್ಡಿ ಒಂದು ದಿನವೂ ಅನ್ನಲಿಲ್ಲ. ಇಬ್ಬರೂ ಒಂದೇ ಕ್ಲಾಸು, ಒಂದೇ ಬೆಂಚು. ಒಬ್ಬಳು ಸಣಕಲು, ಇನ್ನೊಬ್ಬಳು ಗುಂಡಗೆ. ಈ ಹೆಸರುಗಳನ್ನು ಇಟ್ಟಿದ್ದು ಕ್ಲಾಸಿನವರು. ಈಗ ಮಿಸ್ ಕೂಡ ಹಾಗೇ ಕರೆಯುವುದು.

ಮೊದಲು ಮನೆಯೂ ಒಂದೇ ಇತ್ತು. ಮುಂಬಾಗಿಲು ಜೋತುಬಿದ್ದು, ತೆರೆದಾಗಲೆಲ್ಲ ಅದರ ಮೂಲೆ ನೆಲಕ್ಕೆ ಉಜ್ಜುತ್ತಿತ್ತು. ಉಜ್ಜಿ ಉಜ್ಜಿ ಸಿಮೆಂಟಿನ ಮೇಲೆ ಬಾಗಿದ ಬಿಳಿ ಗೀರು ಬಿದ್ದಿತ್ತು. ಚಿಕ್ಕವರಿದ್ದಾಗ ಇಬ್ಬರೂ ಅದರ ಮೇಲೆ ಒಂದು ಹೆಜ್ಜೆಗೆ ಇನ್ನೊಂದು ಹೆಜ್ಜೆ ತಾಗಿಸಿ ನಡೆಯುತ್ತಿದ್ದರು. ಗೀರು ಬಿಟ್ಟವರು ಔಟ್.

ಆಮೇಲೆ ಅಪ್ಪನಿಗೂ ದೊಡ್ಡಪ್ಪನಿಗೂ ಮಾತು ಬಿಟ್ಟುಹೋಯಿತು. ಮನೆ ಪಾಲಾಯಿತು. ಹಾಲ್ ಮತ್ತು ಹಿಂಬಾಗಿಲು ದೊಡ್ಡಪ್ಪನಿಗೆ, ಮುಂಬಾಗಿಲು ಮತ್ತು ಪಕ್ಕದ ಎರಡು ಕೋಣೆ ಅಪ್ಪನಿಗೆ. ನಡುವೆ ಪ್ಲೈವುಡ್ ಹೊಡೆಯಲು ಬಡಗಿ ಬಂದ. ಅಳತೆ ನೋಡಿ ತಲೆ ಕೆರೆದುಕೊಂಡ.

“ಸಾರ್, ಒಂದು ಗೇಣು ಆಚೆ ಹಾಕ್ತೀನಿ. ಇಲ್ಲಾಂದ್ರೆ ಬಾಗಿಲು ಪೂರ್ತಿ ತೆಗೆಯೋಕಾಗಲ್ಲ.”

“ಗೇಣಾ? ನನ್ನ ಹಾಲ್‌ನಲ್ಲಿ ಒಂದು ಬೆರಳಗಲಾನೂ ಕೊಡಲ್ಲ,” ಎಂದರು ದೊಡ್ಡಪ್ಪ.

“ಇವರ ಭಿಕ್ಷೆ ಯಾರಿಗೆ ಬೇಕು? ಇಲ್ಲೇ ಹೊಡಿ ಮೊಳೆ. ನಾವು ಅಡ್ಡಡ್ಡ ನಡೀತೀವಿ,” ಎಂದರು ಅಪ್ಪ.

ಬಡಗಿ ಅಲ್ಲೇ ಮೊಳೆ ಹೊಡೆದು ಹೋದ. ಅಂದಿನಿಂದ ಬಾಗಿಲು ಪೂರ್ತಿ ತೆರೆಯುವ ಮೊದಲೇ ಪ್ಲೈವುಡ್‌ಗೆ ದಡ್ ಎಂದು ಬಡಿದು ನಿಲ್ಲುತ್ತದೆ. ಕಡ್ಡಿಯ ಮನೆಯವರು ನಿಜವಾಗಿಯೂ ಅಡ್ಡಡ್ಡ ನಡೆಯುತ್ತಾರೆ. ಅಪ್ಪ ಮಾತ್ರ ಬೇಕೆಂದೇ ಜೋರಾಗಿ ತಳ್ಳುತ್ತಾರೆ. ಆಚೆ ಆ ಜಾಗದಲ್ಲೇ ಉಂಡೆ ಓದಲು ಕೂರುವುದು. “ನಿಮ್ಮಪ್ಪ ಬಂದಾಗೆಲ್ಲ ನನ್ನ ತಲೆಗೇ ಹೊಡೆದ ಹಾಗಾಗುತ್ತೆ ಕಣೇ,” ಎಂದು ಒಂದು ದಿನ ಬೆಂಚಿನಲ್ಲಿ ಹೇಳಿದ್ದಳು. ನಗುತ್ತಲೇ ಹೇಳಿದ್ದಳು.

ಆ ಕಡೆಯವರ ಜೊತೆ ಮಾತಾಡಬಾರದು ಎಂದು ಎರಡೂ ಮನೆಯಲ್ಲಿ ಕಟ್ಟಪ್ಪಣೆ. ಉಳಿದಿದ್ದು ಶಾಲೆಯ ಬೆಂಚು, ಈ ಟಕ್ ಟಕ್. ಪ್ಲೈವುಡ್ ವಿಷಯ ಕ್ಲಾಸಿನಲ್ಲಿ ಯಾರಿಗೂ ಹೇಳಬಾರದೆಂದು ಇಬ್ಬರೂ ಆಣೆ ಹಾಕಿದ್ದರು.

“ಕೇಳಿಲ್ಲಿ,” ಎಂದಳು ಉಂಡೆ. “ನನ್ನ ಕಡೆ ಗೀರಿನ ಬಾಲ ಮಾತ್ರ ಇದೆ. ದಾರ ಹಾಕಿ ಅಳೆದೆ, ನಲವತ್ನಾಲ್ಕು ಸೆಂಟಿಮೀಟರ್. ಕೋನ ಕಂಡುಹಿಡಿಯೋಕೆ ತ್ರಿಜ್ಯ ಬೇಕಲ್ಲ? ಬಾಗಿಲ ಕೀಲೇ ಕೇಂದ್ರ. ಅದು ನಿನ್ನ ಕಡೆ ಇದೆ. ಎಷ್ಟು ಬಂತು?”

ಕಡ್ಡಿಯ ಪುಸ್ತಕದಲ್ಲಿ ಉತ್ತರ ಇತ್ತು. ಕೀಲಿನಿಂದ ಗೀರಿನವರೆಗೆ ಎಂಬತ್ತನಾಲ್ಕು. ಅಷ್ಟು ತ್ರಿಜ್ಯದ ಪೂರ್ತಿ ವೃತ್ತ ಸುತ್ತಿದರೆ ಐನೂರ ಇಪ್ಪತ್ತೆಂಟು. ಅವಳ ಕಡೆಯ ಗೀರು ಎಂಬತ್ತೆಂಟು, ಅಂದರೆ ವೃತ್ತದ ಆರನೇ ಒಂದು ಪಾಲು. ಮುನ್ನೂರ ಅರವತ್ತರಲ್ಲಿ ಆರನೇ ಒಂದು ಪಾಲು, ಅರವತ್ತು ಡಿಗ್ರಿ. ಲೆಕ್ಕ ಬೆಣ್ಣೆಯ ಹಾಗೆ ಬಂದಿತ್ತು.

ಹೇಳಬಹುದಿತ್ತು. ಆದರೆ ಸಂಜೆ ಅಮ್ಮ ಗ್ಯಾಸ್ ಸಿಲಿಂಡರನ್ನು ಆ ಸಂದಿಯಲ್ಲಿ ಒಳಗೆ ಎಳೆಯುವಾಗ ಮೊಣಕೈ ಚೌಕಟ್ಟಿಗೆ ತರಚಿ ರಕ್ತ ಬಂದಿತ್ತು. ಅಮ್ಮ “ಹಾ” ಎಂದ ಗಳಿಗೆಯಲ್ಲೇ ಆಚೆಯಿಂದ ದೊಡ್ಡಮ್ಮನ ನಗು ಕೇಳಿತ್ತು. ಯಾಕೆ ನಕ್ಕರೋ. ಅಮ್ಮ ಏನೂ ಹೇಳದೆ ನಲ್ಲಿಯ ಕೆಳಗೆ ಕೈ ಹಿಡಿದು ನಿಂತಿದ್ದಳು. ಆ ಹೇಳದಿದ್ದ ಮಾತೆಲ್ಲ ಈಗ ಕಡ್ಡಿಯ ಗಂಟಲಿಗೆ ಬಂತು.

“ಅರವತ್ಮೂರು,” ಎಂದಳು.

“ಅಷ್ಟೇನಾ? ಬಾಗಿಲು ಅಗಲ ಇತ್ತಲ್ವಾ?”

“ಬೇಕಿದ್ರೆ ಬರ್ಕೋ. ಬೇಡವಾದ್ರೆ ನೀನೇ ಬಂದು ಅಳ್ಕೋ.”

ಬರಲಾಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆಚೆ ಪೆನ್ಸಿಲ್ ಸರಸರ ಓಡಿತು. “ಥ್ಯಾಂಕ್ಸ್ ಕಣೇ,” ಎಂದಿತು ಪ್ಲೈವುಡ್.

ಮಾರನೇ ದಿನ ಮ್ಯಾಥ್ಸ್ ಮಿಸ್ ಒಬ್ಬೊಬ್ಬರನ್ನೇ ಎಬ್ಬಿಸಿದರು. ಒಬ್ಬ ಬಸ್ಸಿನ ವೈಪರ್ ತಂದಿದ್ದ. ವೈಪರನ್ನಲ್ಲ, ಅದರ ಲೆಕ್ಕವನ್ನು. ಇನ್ನೊಬ್ಬ ಗಡಿಯಾರದ ಮುಳ್ಳು ಅಳೆಯಲು ಹೋಗಿ ಗಡಿಯಾರವನ್ನೇ ನಿಲ್ಲಿಸಿ ಬಂದಿದ್ದ.

“ಕಡ್ಡಿ?”

“ಮನೆ ಬಾಗಿಲ ಗೀರು ಮಿಸ್. ಅರವತ್ತು ಡಿಗ್ರಿ.”

“ಗುಡ್. ಉಂಡೆ?”

“ಅದೇ ಗೀರಿನ ಉಳಿದ ಭಾಗ ಮಿಸ್. ನಲವತ್ತು ಡಿಗ್ರಿ.”

ಮಿಸ್‌ಗೆ ಖುಷಿಯಾಯಿತು. “ಭೇಷ್! ಒಂದೇ ಮನೆಯವರು, ಲೆಕ್ಕ ಹಂಚಿಕೊಂಡಿದ್ದೀರ.” ಬೋರ್ಡಿನ ಮೇಲೆ ಬಾಗಿಲು, ಗೋಡೆ, ಗೀರು ಬರೆದರು. ಅರವತ್ತು ಬರೆದರು, ನಲವತ್ತು ಬರೆದರು. ಸೀಮೆಸುಣ್ಣ ಅಲ್ಲೇ ನಿಂತಿತು.

“ಅರವತ್ತೂ ನಲವತ್ತೂ ನೂರು. ತೊಂಬತ್ತಕ್ಕೇ ಗೋಡೆ ಸಿಗುತ್ತಲ್ಲ. ಆಮೇಲಿನ ಹತ್ತು ಡಿಗ್ರಿ ನಿಮ್ಮ ಬಾಗಿಲು ಗೋಡೆ ಒಳಗೆ ಹೋಗುತ್ತಾ?”

ಕ್ಲಾಸು ಹೋ ಎಂದು ನಕ್ಕಿತು.

“ಇಬ್ಬರ ತ್ರಿಜ್ಯ ಎಷ್ಟು ಹೇಳಿ.”

“ಎಂಬತ್ನಾಲ್ಕು,” ಎಂದಳು ಕಡ್ಡಿ.

ಉಂಡೆ ಕತ್ತು ತಿರುಗಿಸಿ ಕಡ್ಡಿಯನ್ನು ನೋಡಿದಳು. ಕಡ್ಡಿ ತನ್ನ ಶೂ ನೋಡುತ್ತಿದ್ದಳು. ಈಗ ಹೇಳಿಬಿಡುತ್ತಾಳೆ, ಇವಳೇ ಸುಳ್ಳು ಹೇಳಿದ್ದು ಅನ್ನುತ್ತಾಳೆ. ಹೇಳಲಿ. ಹೇಳಿಬಿಟ್ಟರೆ ಸಾಕು.

“ನನ್ನದು ಅರವತ್ಮೂರು ಮಿಸ್,” ಎಂದಳು ಉಂಡೆ. “ನಾನೇ ತಪ್ಪು ಬರೆದೆ. ನಮ್ಮ ಕಡೆ ಕೇಂದ್ರ ಇಲ್ಲ. ಅಂದಾಜಿಗೆ ಹಾಕಿದೆ.”

“ಅಂದಾಜಾ? ನೋಡದೇ ಬರೆಯೋದಕ್ಕೆ ಲೆಕ್ಕ ಅನ್ನಲ್ಲ, ಸುಳ್ಳು ಅಂತಾರೆ. ಸೊನ್ನೆ. ಕೂತ್ಕೋ.”

ಹಿಂದಿನಿಂದ ವೈಪರ್ ಹುಡುಗ ಕೇಳಿದ, “ನಮ್ಮ ಕಡೆ ಅಂದ್ರೆ? ನಿಮ್ಮ ಮನೆಗೆ ಎಷ್ಟು ಕಡೆ ಇದೆಯೇ? ಮಧ್ಯೆ ಬಾರ್ಡರ್ ಹಾಕಿದ್ದೀರಾ?”

ಯಾರೋ “ಪಾಸ್‌ಪೋರ್ಟ್ ಬೇಕಾ?” ಎಂದರು. ಮತ್ತೆ ನಗು. ಇಬ್ಬರೂ ಆಣೆ ಹಾಕಿ ಬಚ್ಚಿಟ್ಟಿದ್ದ ಪ್ಲೈವುಡ್ ಕ್ಲಾಸಿನ ನಡುವೆ ಬಂದು ನಿಂತಿತು. ಉಂಡೆಯ ಕಿವಿ ಕೆಂಪಗಾಯಿತು.

ಊಟದ ಬೆಲ್ ಆದ ಮೇಲೆ ಅವಳು ಡಬ್ಬಿ ತೆರೆಯಲಿಲ್ಲ.

“ಸಿಲಿಂಡರ್ ತರೋವಾಗ ನಮ್ಮಮ್ಮ ನಕ್ಕಳು, ಅದಕ್ಕಾ?” ಎಂದು ಮೆಲ್ಲಗೆ ಕೇಳಿದಳು.

ಕಡ್ಡಿ ತನ್ನ ಡಬ್ಬಿಯ ಮುಚ್ಚಳ ತಿರುಗಿಸುತ್ತ ಕೂತಳು.

“ನಾನು ನಗಲಿಲ್ಲ ಕಣೇ.”

ಅಷ್ಟು ಹೇಳಿ ಚೀಲ ಎತ್ತಿಕೊಂಡು ಕಿಟಕಿ ಪಕ್ಕದ ಖಾಲಿ ಬೆಂಚಿಗೆ ಹೋಗಿ ಕೂತಳು. ಇಬ್ಬರ ಬೆಂಚಿನಲ್ಲಿ ಕಡ್ಡಿಗೆ ಈಗ ಬೇಕಾದಷ್ಟು ಜಾಗವಿತ್ತು.

ಸಂಜೆ ಮನೆಯಲ್ಲಿ ಕಡ್ಡಿ ಯೂನಿಫಾರ್ಮ್ ಕೂಡ ಬಿಚ್ಚದೆ ಗೀರಿನ ಹತ್ತಿರ ಕೂತಳು. ಬಡಿದಳು. ಟಕ್. ಟಕ್ ಟಕ್.

ಆಚೆ ಪುಟ ತಿರುಗಿದ ಸದ್ದು ಬಂತು. ಇದ್ದಾಳೆ.

“ಎಂಬತ್ನಾಲ್ಕು,” ಎಂದಳು ಕಡ್ಡಿ ಪ್ಲೈವುಡ್‌ಗೆ ಬಾಯಿಟ್ಟು. “ಸರಿಯಾದ ತ್ರಿಜ್ಯ ಎಂಬತ್ನಾಲ್ಕು. ನಿನ್ನ ಕೋನ ಮೂವತ್ತು ಬರುತ್ತೆ. ನಿನ್ನ ಅಳತೆ ಸರಿಯಾಗೇ ಇತ್ತು.”

ಪುಟದ ಸದ್ದು ನಿಂತಿತು.

“ಅಕ್ಕಾ...”

ಆಮೇಲೆ ಭಾರವಾದದ್ದೇನೋ ನೆಲದ ಮೇಲೆ ಕರಕರ ಎಳೆದ ಸದ್ದು. ಟ್ರಂಕು ಇರಬೇಕು. ಅದು ಪ್ಲೈವುಡ್‌ಗೆ ಬಂದು ಒರಗಿತು. ಸರಿಯಾಗಿ ಗೀರಿನ ಬಾಲ ಇದ್ದ ಜಾಗದಲ್ಲಿ.

ಇನ್ನು ಬಡಿದರೂ ಕೇಳುವುದು ಟ್ರಂಕಿಗೆ ಮಾತ್ರ.

ಕಡ್ಡಿ ದಾರದ ಒಂದು ತುದಿಯನ್ನು ಕೀಲಿನ ಹತ್ತಿರ ಒತ್ತಿ ಹಿಡಿದು, ಇನ್ನೊಂದನ್ನು ಬಿಗಿಯಾಗಿ ಎಳೆದು ಗೀರಿನ ಮೇಲೆ ನಡೆಸಿದಳು. ಅರವತ್ತು ಡಿಗ್ರಿಗೆ ಬೆರಳು ಪ್ಲೈವುಡ್‌ಗೆ ತಾಗಿ ನಿಂತಿತು. ಆಚೆ ಇನ್ನೂ ಮೂವತ್ತು ಇದೆ. ಕಾಣದಿದ್ದರೂ ಇದೆ.

ಹೊರಗೆ ಅಪ್ಪನ ಚಪ್ಪಲಿ ಸದ್ದು ಕೇಳಿತು. ಕಡ್ಡಿ ಎದ್ದು, ಪ್ಲೈವುಡ್‌ಗೆ ಬೆನ್ನು ಕೊಟ್ಟು ಎರಡೂ ಅಂಗೈ ಮುಂದೆ ಚಾಚಿದಳು. ಅಪ್ಪ ಎಂದಿನಂತೆ ಜೋರಾಗಿ ತಳ್ಳಿದರು. ಬಾಗಿಲು ನೆಲ ಉಜ್ಜುತ್ತ ಬಂದು ಅವಳ ಅಂಗೈಗೆ ಬಡಿದು ನಿಂತಿತು.

“ಅಲ್ಲೇನು ಮಾಡ್ತಿದ್ದೀಯ?” ಎಂದರು ಅಪ್ಪ ಸಂದಿಯಲ್ಲಿ ಸಿಕ್ಕಿಕೊಂಡು.

“ಏನಿಲ್ಲ,” ಎಂದಳು. ಅಂಗೈ ಚುರುಗುಟ್ಟುತ್ತಿತ್ತು.

ಇವತ್ತು ಪ್ಲೈವುಡ್ ದಡ್ ಎನ್ನಲಿಲ್ಲ, ಆಚೆ ಒಂದಿಷ್ಟೂ ಸದ್ದಾಗಲಿಲ್ಲ.