ಖಂಡೆ ಪೂಜೆಯಂದು ಕಳೆದುಹೋದ ವೇಗ

"ಸ್ವಾಮ್ಯಾರ, ನನ್ನ ಮಗಳಿಗಿ ನಡು ಬಜಾರದಾಗ ಕಳ್ಳಿ ಅಂದಾರ್ರೀ!"

ಮಂಗಲಾ ಹೊಸ್ತಿಲ ಬಳಿಯೇ ಕುಸಿದು ಕುಳಿತಳು. ಅವಳ ಹಿಂದೆ ಮಗಳು ಸಪನಾ ಗೋಡೆಗೆ ಆತು ನಿಂತಿದ್ದಳು. ಉಮರ್ಗಾದ ರಾಚಯ್ಯನವರು ಅದೇ ತಾನೇ ಲಿಂಗಪೂಜೆ ಮುಗಿಸಿ ಎದ್ದಿದ್ದರು. ಟೆಲಿಫೋನ್ ಖಾತೆಯಿಂದ ನಿವೃತ್ತರಾದ ಮೇಲೆ ಊರಿನ ಕಳವು, ಕಲಹ, ಗುಟ್ಟುಗಳೆಲ್ಲ ಅವರ ಪಡಸಾಲೆಗೇ ಬಂದು ಬೀಳುತ್ತಿದ್ದವು. ಅವರ ಜೊತೆಗೆ ಯಾವಾಗಲೂ ಕಂಬಳಿ ವ್ಯಾಪಾರದ ಗುರಣ್ಣ. ಬೀರಪ್ಪ ದೇವರ ಒಕ್ಕಲು, ಸಿಟ್ಟು ಮೂಗಿನ ತುದಿಯಲ್ಲೇ. ಸ್ವಾಮಿಗಳಿಗೆ ತಲೆ, ಗುರಣ್ಣನಿಗೆ ಮೋಟಾರ್ ಸೈಕಲ್ಲು ಎಂದು ಜನ ಚೇಷ್ಟೆ ಮಾಡುತ್ತಿದ್ದರು.

"ಅಳಬ್ಯಾಡ ತಂಗಿ. ಏನಾಗ್ಯಾದ ಹೇಳು," ಎಂದರು ರಾಚಯ್ಯ.

ಆದದ್ದು ಇಷ್ಟು. ಭೂಕಂಪದಲ್ಲಿ ಗಂಡನನ್ನು ಕಳೆದುಕೊಂಡ ಮಂಗಲಾ ಮಗಳನ್ನು ಓದಿಸಿದ್ದಳು. ಸಪನಾ ಕಿರಾಣಿ ಸಾಹುಕಾರ ವಿಶ್ವನಾಥಪ್ಪನ ಅಂಗಡಿಯ ಪಕ್ಕದಲ್ಲಿ ಅವನೇ ತೆರೆದ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದಳು. ಅಲ್ಲಿನ ಯಂತ್ರ ಚಾಲೂ ಮಾಡಿದಾಗಲೆಲ್ಲ ಪರದೆಯ ಮೇಲೆ ಅದರ ವೇಗ ನಾಲ್ಕು ನೂರೈವತ್ತು ಮೆಗಾಹರ್ಟ್ಸ್ ಎಂದು ಮೂಡುತ್ತಿತ್ತು. ಸಾಹುಕಾರನಿಗೆ ಅದೊಂದು ಹೆಮ್ಮೆ. ದಸರೆಯ ಬೆಳಿಗ್ಗೆ ಎಲ್ಲರೆದುರು ಚಾಲೂ ಮಾಡಿದರೆ ಮೂಡಿದ್ದು ಮುನ್ನೂರು! ಸಾಹುಕಾರನ ಅಳಿಯ ರವಿಕಾಂತ ಆಗಲೇ ಕೂಗಿದ್ದ: ಇವಳು ಪೆಟ್ಟಿಗೆ ಬಿಚ್ಚಿ ದುಬಾರಿ ಪ್ರೊಸೆಸರ್ ಕದ್ದು, ಅಗ್ಗದ್ದನ್ನು ಇಟ್ಟಿದ್ದಾಳೆ. ಹಬ್ಬವಾಗಿ ನಾಲ್ಕು ದಿನಕ್ಕೆ, ಇಂದು, ಅಂಗಡಿಯ ಮೆಟ್ಟಿಲ ಮೇಲೆ ನಿಂತು ಬಜಾರಿಗೆಲ್ಲ ಕೇಳುವಂತೆ ಗಡುವು ಕೊಟ್ಟಿದ್ದ: ಸಂಜೆಯೊಳಗೆ ಮಾಲು ವಾಪಸ್ ಬರಬೇಕು, ಇಲ್ಲದಿದ್ದರೆ ಪೊಲೀಸ್ ಠಾಣೆ.

"ಪೆಟ್ಟಿಗಿ ಬಿಚ್ಚಿದ್ದು ಖರೇನಾ?" ರಾಚಯ್ಯ ಸಪನಾಳನ್ನು ಕೇಳಿದರು.

"ಖರೇರೀ. ದಸರಾದ ಹಿಂದಿನ ದಿನ ಖಂಡೆ ಪೂಜಿ, ಆಯುಧ ಪೂಜಿ ಇತ್ತಲ್ಲ, ತಕ್ಕಡಿ, ಗಜ, ಕತ್ತರಿ ಎಲ್ಲಾ ತೊಳದು ಇಡಾಕತ್ತಿದ್ರು. 'ಮಿಷನ್ ಒಳಗ ಧೂಳು ಇಟ್ಟು ಪೂಜಿ ಹ್ಯಾಂಗ ಮಾಡ್ಲಿ?' ಅಂತ ಸಾವ್ಕಾರ್ರ ಹೆಂಡತಿ ಭಾಗೀರಥಿಬಾಯಾರು ಬಿಚ್ಚಿಸಿದ್ರು. ರವಿಕಾಂತಣ್ಣ ಉದಗೀರಕ್ಕ ಹೋಗಿದ್ದ. ಅಂವಾ ಇದ್ರ ಪೆಟ್ಟಿಗಿ ಮುಟ್ಟಾಕ ಯಾರಿಗೂ ಬಿಡಂಗಿಲ್ಲ."

"ಏನೇನು ಒರಸಿದಿ?"

"ಪ್ರೊಸೆಸರಿನ ಹಲಗಿ ಹೊರಗ ತಗದು ಅದರ ಬಂಗಾರದಂಥಾ ಅಂಚು ರಬ್ಬರಿಲೆ ತಿಕ್ಕಿದೆ. ಒಂದು ಕರೀ ಚುಕ್ಕಿ ಅಂಟಿತ್ತು. ಹೊಲಸು ಅಂತ ಕೆತ್ತಿ ಕಸದಾಗ ಒಗದೆ. ಅಷ್ಟೇರೀ."

ರಾಚಯ್ಯನವರ ಕಣ್ಣು ಚುರುಕಾಯಿತು. ಗುರಣ್ಣನಿಗೆ ಮಾತ್ರ ತಲೆಬುಡ ತಿಳಿಯಲಿಲ್ಲ.

ಅಂಗಡಿಯ ಮೆಟ್ಟಿಲ ಮೇಲೆಯೇ ರವಿಕಾಂತ ಸಿಕ್ಕ. ಬಾಯಿ ತುಂಬ ಗುಟ್ಕಾ, ಪುಡಿ ಉಜ್ಜಿ ಉಜ್ಜಿ ಕೆಂಪಾದ ಹೆಬ್ಬೆರಳು. ಮಾತಾಡುವ ಮೊದಲು ಪಿಚಕ್ಕನೆ ಗೋಡೆಯ ಮೂಲೆಗೆ ಉಗಿದ. ಆ ಮೂಲೆಯ ಕಡೆ ನೋಡಿ ಗುರಣ್ಣ ಟವಲಿನಿಂದ ಮೂಗು ಮುಚ್ಚಿಕೊಂಡ. ಥೂ! ದಸರೆಗೆಂದು ಸಾರಿಸಿದ ಗೋಡೆ, ಹಬ್ಬ ಮುಗಿದು ನಾಲ್ಕು ದಿನಕ್ಕೇ ಹೇಸಿಗೆ.

"ಬಡವರಿಗಿ ಒಳಗ ಬಿಟ್ಟರ ಹಿಂಗೇ ಆಗ್ತದರೀ ಸ್ವಾಮಿ," ಎಂದ ರವಿಕಾಂತ. "ತಿಂದ ಮನಿಗೇ ಕನ್ನ."

ಗುರಣ್ಣ ತೋಳು ಮೇಲೇರಿಸಿದ. ರಾಚಯ್ಯ ಅವನ ಭುಜ ಅದುಮಿ ಒಳಗೆ ನಡೆದರು. ಯಂತ್ರದ ಪಕ್ಕದಲ್ಲಿ ಒಂದು ಟೇಬಲ್ ಫ್ಯಾನು ಪೆಟ್ಟಿಗೆಯ ಕಡೆ ಮುಖ ಮಾಡಿ ನಿಂತಿತ್ತು.

"ಇದು ಯಾಕವ್ವ?" ಭಾಗೀರಥಿಬಾಯಿಯನ್ನು ಕೇಳಿದರು.

"ಮಧ್ಯಾಹ್ನ ಆತಂದ್ರ ಮಿಷನ್ ನಿಂತುಬಿಡ್ತಿತ್ರೀ. ಬಿಸಿ ಆಗ್ತದ ಅಂತ ಅಳಿಯಂದಿರು ಫ್ಯಾನ್ ಇಟ್ಟಾರ. ಚೋದ್ಯ ಅಂದ್ರ, ದಸರಾದಿಂದ ಒಮ್ಮಿನೂ ನಿಂತಿಲ್ಲ."

"ಕದ್ದ ಮಾಲಿಗಿಂತ ಬದಲಿ ಮಾಲೇ ಚಲೋ ನಡದದ ಅನ್ರಿ," ಎಂದು ರಾಚಯ್ಯ ನಕ್ಕರು. "ಇಂಥಾ ಮಿಷನ್ ಇನ್ನೊಂದು ಅದ ಏನು?"

"ನಿಲಂಗಾದಾಗ ನಮ್ಮ ಇನ್ನೊಂದು ಕ್ಲಾಸಿನಾಗ ಅದರೀ. ಕೆಲಸದ ಹುಡುಗ ಬಾಳು ನೋಡ್ಕೋತಾನ. ಎರಡೂ ಮಿಷನ್ ಅಳಿಯಂದಿರೇ ಉದಗೀರದ ಮಾಣಿಕಪ್ಪನ ಅಂಗಡಿಯಿಂದ ಜೋಡಿಲೆ ತಂದಾರ."

ರಾಚಯ್ಯ ಎಸ್‌ಟಿಡಿ ಬೂತಿನಿಂದ ಮಾಣಿಕಪ್ಪನಿಗೆ ಫೋನ್ ಮಾಡಿ ಸಂಜೆ ಉಮರ್ಗಾಕ್ಕೆ ಬರಲು ಹೇಳಿದರು. ಗುರಣ್ಣ ಮೋಟಾರ್ ಸೈಕಲ್ಲಿಗೆ ಕಿಕ್ ಹೊಡೆದ. ನಿಲಂಗಾದ ದಾರಿಯುದ್ದಕ್ಕೂ ಅವನ ಬಾಯಿ ಸುಮ್ಮನಿರಲಿಲ್ಲ; ರವಿಕಾಂತನ ಹಲ್ಲನ್ನೂ ಅವನ ಮಾತನ್ನೂ ಬೈದು ಬೈದು ಸುಸ್ತಾದ.

ನಿಲಂಗಾದ ಕ್ಲಾಸಿನಲ್ಲಿ ಬಾಳು ಒಬ್ಬನೇ ಇದ್ದ. ಕೊರಳಲ್ಲಿ ತುಳಸಿಮಾಲೆ, ಅಡಿಕೆಯನ್ನೂ ಮುಟ್ಟದ ಬಿಳಿ ಹಲ್ಲು. "ಸಪನಾ ಇಲ್ಲಿಗಿ ಎಂದಾರ ಬಂದಾಳೇನಪ್ಪಾ?" ಎಂದು ರಾಚಯ್ಯ ಕೇಳಿದರೆ, ಅವಳ ಮುಖವನ್ನೇ ನೋಡಿಲ್ಲ ಎಂದ. ರಾಚಯ್ಯ ಮೊದಲು ಯಂತ್ರ ಚಾಲೂ ಮಾಡಿಸಿ ಪರದೆಯ ಸಾಲುಗಳನ್ನು ಓದಿಕೊಂಡರು; ವೇಗ ನಾಲ್ಕು ನೂರೈವತ್ತೇ ಇತ್ತು. ಪೆಟ್ಟಿಗೆ ಬಿಚ್ಚಿ ಹಲಗೆ ಹೊರಗೆ ತೆಗೆದಾಗ ಅದರ ಬಂಗಾರದ ಅಂಚಿನ ಒಂದು ಗೆರೆಯ ಮೇಲೆ ಎಳ್ಳಿನಷ್ಟು ಕರಿಯ ಟೇಪು ಅಂಟಿತ್ತು. ರಾಚಯ್ಯ ಉಗುರಿನಿಂದ ಅದನ್ನು ಬಿಡಿಸಿ ಬೆಳಕಿಗೆ ಹಿಡಿದರು, ಮೂಸಿದರು, ಮುಖ ಕಿವಿಚಿದರು. ಬಳಿಕ ಕಾಗದದಲ್ಲಿ ಮಡಚಿ ಕಿಸೆಗೆ ಹಾಕಿಕೊಂಡರು. ಹಲಗೆ ಕೂಡಿಸಿ ಮತ್ತೆ ಚಾಲೂ ಮಾಡಿದಾಗ ನಾಲ್ಕು ನೂರೈವತ್ತು ಹೋಗಿ ಮುನ್ನೂರು ಬಂದಿತ್ತು.

"ಅಯ್ಯಯ್ಯೋ, ಈಗ ನಾವೂ ಕಳ್ಳರಾದಿವಲ್ರೀ!" ಎಂದ ಗುರಣ್ಣ.

ಇಳಿಹೊತ್ತಿಗೆ ಬಾಳು, ಮಾಣಿಕಪ್ಪ ಸಹಿತ ಎಲ್ಲರೂ ಉಮರ್ಗಾದ ಕ್ಲಾಸಿನಲ್ಲಿ ಸೇರಿದರು. ಸಾಹುಕಾರ ಮರ್ಯಾದೆಗೆ ಅಂಜಿ ಶಟರ್ ಅರ್ಧ ಎಳೆಸಿದ್ದ. ಹೊರಗೆ ತಮಾಷೆ ನೋಡಲು ಜನ ಬಗ್ಗಿ ಬಗ್ಗಿ ಇಣುಕುತ್ತಿದ್ದರು. ಹೆಣ್ಣುಮಗಳೊಬ್ಬಳನ್ನು ಠಾಣೆಗೆ ಎಳೆಯುವುದನ್ನು ನೋಡಲು ಇಷ್ಟು ಆಸೆಯೇ ಎಂದು ಗುರಣ್ಣನಿಗೆ ಆ ಜನರ ಮೇಲೂ ಅಸಹ್ಯವಾಯಿತು.

ರಾಚಯ್ಯ ಸಪನಾಳಿಂದ ಹಲಗೆ ತೆಗೆಸಿ, ವೈರ್‌ಮನ್ನರ ಟೇಪಿನ ಒಂದು ಚೂರು ಕತ್ತರಿಸಿ, ಅದೇ ಗೆರೆಗೆ ಅಂಟಿಸಿ ಮತ್ತೆ ಕೂಡಿಸಿದರು. ಚಾಲೂ ಮಾಡಿದರು. ಪರದೆಯ ಮೇಲೆ ನಾಲ್ಕು ನೂರೈವತ್ತು!

"ಶಿವಾ! ಮಾಲು ವಾಪಸ್ ಬಂತು!" ಎಂದ ವಿಶ್ವನಾಥಪ್ಪ.

"ಹೋಗಿದ್ದರ ಅಲ್ಲ ಬರೂದು, ಸಾವ್ಕಾರ್ರ. ಇದು ಮೊದಲಿಂದ ಮುನ್ನೂರದೇ. ಆ ಗೆರಿ ಮುಚ್ಚಿದ್ರ ಬೋರ್ಡಿಗಿ ಇದು ದೊಡ್ಡ ಜಾತಿದು ಅಂತ ತಿಳದು, ಜೋರಿಲೆ ಓಡಸ್ತದ. ದೇವಣಿ ಹೋರಿಗಿ ಬಾರಕೋಲು ಹೊಡದಂಗ. ಓಡ್ತದ, ಆದ್ರ ಮಧ್ಯಾಹ್ನದ ಝಳಕ್ಕ ಬೀಳ್ತದ. ಅದಕ್ಕೇ ಫ್ಯಾನು. ಸಪನಾ ಟೇಪು ಕೆತ್ತಿದ್ದಕ್ಕೇ ಅದು ದಸರಾದಿಂದ ನಿಂತಿಲ್ಲ."

"ಆಕಿನೇ ಬದಲಿ ಮಾಡಿ ಟೇಪಿನ ಕತಿ ಕಟ್ಯಾಳ!" ಎಂದ ರವಿಕಾಂತ, ಬಾಯಿ ಓರೆ ಮಾಡಿಕೊಂಡು.

"ಹಂಗಾರ ಆಕಿ ಕಾಲೂ ಇಡದ ನಿಲಂಗಾದ ಮಿಷನ್ನಿಗಿ ಟೇಪು ಯಾರು ಹಚ್ಚಿದ್ರು?"

ಬಾಳು ನಿಲಂಗಾದಲ್ಲಿ ಟೇಪು ಸಿಕ್ಕಿದ್ದನ್ನು ಹೇಳಿದ. ರಾಚಯ್ಯ ಪರದೆಯ ಎರಡನೆಯ ಸಾಲಿಗೆ ಬೆರಳಿಟ್ಟರು. ಅಲ್ಲಿ ಕ್ಯಾಶ್ ಎಂದು, ಮುಂದೆ ನೂರಾ ಇಪ್ಪತ್ತೆಂಟು ಎಂದು ಇತ್ತು.

"ಕ್ಯಾಶ್ ಅಂದ್ರ ಇಲ್ಲಿ ರೊಕ್ಕ ಅಲ್ಲ, ಪ್ರೊಸೆಸರಿನ ಸಣ್ಣ ನೆನಪು; ಗಲ್ಲಾದ ಬಾಜೂಕ ಇಟ್ಟ ಡಬ್ಬಿ ಇದ್ದಂಗ. ಗೋದಾಮಿಗಿ ಓಡೂದು ಬ್ಯಾಡ, ಕೈಗಿ ಸಿಗ್ತದ. ಖರೇ ನಾಲ್ಕು ನೂರೈವತ್ತರದಕ್ಕ ಈ ಡಬ್ಬಿ ಐನೂರಾ ಹನ್ನೆರಡರದು ಇರ್ತದ. ಟೇಪು ಹಚ್ಚಿ ಓಟ ಹೆಚ್ಚಸಬಹುದು, ಡಬ್ಬಿ ದೊಡ್ಡದು ಮಾಡಾಕ ಬರಲ್ಲ. ನಿಲಂಗಾದ್ದು ಟೇಪು ಇದ್ದಾಗೂ ನೂರಾ ಇಪ್ಪತ್ತೆಂಟೇ ತೋರಸ್ತು. ಎರಡೂ ಸಣ್ಣ ಜಾತಿದೇ."

"ಹಂಗಾರ ಮಾಣಿಕಪ್ಪನೇ ಮೋಸ ಮಾಡ್ಯಾನ!" ರವಿಕಾಂತ ಕೈ ತೋರಿಸಿದ.

ಮಾಣಿಕಪ್ಪ ಕೆಂಡವಾದ. "ಮುನ್ನೂರದು ಕೊಡು, ಮಾವಗ ನಾ ಹೇಳ್ಕೋತೀನಿ ಅಂದಾವ ನೀನೇ!"

ರಾಚಯ್ಯ ಕಿಸೆಯಿಂದ ಕಾಗದ ಬಿಡಿಸಿದರು. ಟೇಪಿನ ಅಂಟಿನಲ್ಲಿ ಅಡಿಕೆಯ ಒಂದು ಸಣ್ಣ ತರಿ, ಅದರ ಸುತ್ತ ಕೆಂಪು ಕಲೆ. "ಗುಟ್ಕಾದ ವಾಸ್ನಿ ಇನ್ನೂ ಹೋಗಿಲ್ಲ. ಮಾಣಿಕಪ್ಪ ಲಿಂಗಪೂಜಿ ಮಾಡಿ ಗಾದಿಗಿ ಕೂಡಾಂವ, ತಂಬಾಕು ತಿಂದಾವ್ರಿಗಿ ಅಂಗಡಿ ಕಟ್ಟೀನೂ ಹತ್ತಸಂಗಿಲ್ಲ. ಬಾಳು ತುಳಸಿಮಾಲಿ ಹಾಕಿದ ಮಾಳಕರಿ, ಅಡಿಕಿನೂ ಮುಟ್ಟಂಗಿಲ್ಲ. ಸಪನಾ ಆ ಮಿಷನ್ ನೋಡೇ ಇಲ್ಲ. ಎರಡೂ ತಂದಾವ ಒಬ್ಬನೇ. ದುಬಾರಿ ಮಾಲಿನ ರೊಕ್ಕ ಮಾವನ ಕಡಿಂದ ತಗೊಂಡು, ಅಗ್ಗದ್ದು ತಂದು ಟೇಪು ಹಚ್ಚ್ಯಾನ. ಯಾರಿಗೂ ಪೆಟ್ಟಿಗಿ ಮುಟ್ಟಾಕ ಬಿಟ್ಟಿಲ್ಲ. ದಸರಾ ದಿನ ಎಲ್ಲಾರ ಮುಂದ ಮುನ್ನೂರು ಬಂದಾಗ, ತನ್ನ ಹೊಲಸು ಆ ಹುಡಗಿ ಮೈಮ್ಯಾಗ ಒಗದಾನ."

ರವಿಕಾಂತನ ದವಡೆ ನಿಂತಿತು. ಗಲ್ಲದ ಮೇಲೆ ಒಂದು ಕೆಂಪು ಎಳೆ ಇಳಿಯಿತು. ಗುರಣ್ಣ ಮುಖ ತಿರುಗಿಸಿಕೊಂಡ.

ವಿಶ್ವನಾಥಪ್ಪ ತಲೆ ತಗ್ಗಿಸಿ ಮೆಲ್ಲಗೆ ಎಂದ: "ಆಗಿದ್ದು ಆಗಿ ಹೋತು. ಅಳಿಯ ಅಂದ ಮ್ಯಾಲ ಮನಿ ಮಾನ. ಸಪನಾ, ಇಲ್ಲೇ ಮರತುಬಿಡವ್ವ."

"ನನಗ ಕಳ್ಳಿ ಅಂದಿದ್ದು ಹೊರಗರೀ," ಎಂದಳು ಸಪನಾ. ಅವಳು ಅರ್ಧ ಎಳೆದ ಶಟರಿನ ಕಡೆ ಕೈ ತೋರಿಸಿದಳು.

ಭಾಗೀರಥಿಬಾಯಿ ಎದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಡಗಡ ಶಟರ್ ಮೇಲೆತ್ತಿದರು. ಮಂದಿ ಹಿಂದೆ ಸರಿಯಿತು. "ಬರ್ರಿ ಅಳಿಯಂದಿರ. ಎಲ್ಲಿ ನಿಂತು ಅಂದೀರಿ, ಅಲ್ಲೇ ನಿಂತು ಹೇಳ್ರಿ."

ರವಿಕಾಂತ ಮೆಟ್ಟಿಲಿಗೆ ಬಂದು ಉಗುಳಲು ಬಗ್ಗಿದ.

"ಉಗಳಬ್ಯಾಡ್ರಿ! ನುಂಗ್ರಿ!"

ಅವನು ಕಣ್ಣು ಮುಚ್ಚಿ ನುಂಗಿದ. ಕೆಮ್ಮುತ್ತ, ಕಣ್ಣೀರು ಸುರಿಸುತ್ತ, ಕಳ್ಳತನ ತನ್ನದೇ, ಸಪನಾಳದಲ್ಲ ಎಂದು ಹೇಳಿದ. ಕೇಳಿಸಲಿಲ್ಲ ಎಂದು ಗುರಣ್ಣ ಅರಚಿದ. ಎರಡನೆಯ ಸಲ ಬಸ್ ಸ್ಟ್ಯಾಂಡಿನವರಿಗೂ ಕೇಳಿಸಿತು. ಮಂಗಲಾ ಮಗಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು.

ಸಾಹುಕಾರ ಕೈಮುಗಿದ. "ಸಪನವ್ವ, ನಾಳಿಂದ ಎಂದಿನಂಗ ಕ್ಲಾಸಿಗಿ ಬಾ. ಮಿಷನ್ ನಿನ್ನ ಕೈಯಾಗೇ ಇರಲಿ."

ಸಪನಾ ಚಪ್ಪಲಿ ಮೆಟ್ಟಿಕೊಂಡಳು. "ಬ್ಯಾಡ್ರೀ ಸಾವ್ಕಾರ್ರ. ಅದನ್ನ ಮುಟ್ಟಾಕ ನನಗ ಹೇಸಿಗಿ ಬರ್ತದ."

ಜನ ದಾರಿ ಬಿಟ್ಟರು. ಅವಳು ತಾಯಿಯ ಕೈ ಹಿಡಿದು ನಡು ಬಜಾರದಲ್ಲೇ ನಡೆದುಹೋದಳು.